ಹನ್ನೆರಡು ಮಂದಿ, ನೂರಿಪ್ಪತ್ತು ರೂಪಾಯಿ

(ಯುವ ಬರಹಗಾರರು ಮತ್ತು ಸಣ್ಣ ಪ್ರಕಾಶಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬರಹಗಾರರಿಗೂ ಸ್ವತಂತ್ರ ಪ್ರಕಾಶಕರಿಗೂ ಸಂಘ ಯಾಕೆ ಬೇಕು ಎಂಬ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಸಾಹಿತಿಯಲ್ಲ, ಪ್ರಕಾಶಕನೂ ಅಲ್ಲ. ಪತ್ರಿಕೆಯೊಂದರ ವರದಿಗಾರ. ಪುಸ್ತಕ ಬಿಡುಗಡೆ ಸಮಾರಂಭಗಳ ವರದಿ ಮಾಡುವ ಕೆಲಸ ಪತ್ರಿಕಾಲಯಗಳಲ್ಲಿ ಸಾಮಾನ್ಯವಾಗಿ ಕಿರಿಯರ ಪಾಲಿಗೆ ಬರುತ್ತದೆ. ಹಾಗೆ ನನ್ನ ಪಾಲಿಗೂ ಬಂದು, ಸಾಕಷ್ಟು ಸಮಾರಂಭಗಳನ್ನು ನೋಡಿದ್ದೇನೆ. ಇಂದಿನ ಮಾತಿಗೆ ನನ್ನ ಅರ್ಹತೆ ಅಷ್ಟೇ.

ಈ ಸಮಾರಂಭಗಳ ಕ್ರಮ ನಿಮಗೆಲ್ಲ ಗೊತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ, ಶಾಲು, ಹಾರ, ಹಣ್ಣಿನ ಬುಟ್ಟಿ. ಪುಸ್ತಕದ ಗುಣಗಳ ಬಗ್ಗೆ ಒಂದೂವರೆ ಗಂಟೆ ಮಾತು ನಡೆಯುತ್ತದೆ. ಆದರೆ ಮೂರು ವಿಷಯಗಳನ್ನು ವೇದಿಕೆಯ ಮೇಲಿನ ಯಾರೂ ಎತ್ತುವುದಿಲ್ಲ. ಎಷ್ಟು ಪ್ರತಿ ಅಚ್ಚಾಗಿದೆ? ಲೇಖಕರಿಗೆ ಪ್ರತಿಯೊಂದಕ್ಕೆ ಸಿಗುವುದೆಷ್ಟು? ಎರಡನೆಯ ಮುದ್ರಣವಾದರೆ, ಅನುವಾದವಾದರೆ, ನಾಳೆ ಸಿನಿಮಾ ಆದರೆ ಹಕ್ಕು ಯಾರದು? ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಲೇಖಕರನ್ನೇ ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಗೌರವ ಪ್ರತಿ ಇಪ್ಪತ್ತೈದು ಕೊಡುತ್ತೇನೆ ಅಂದಿದ್ದಾರೆ, ಉಳಿದದ್ದು ಮಾತಾಡಿಲ್ಲ.’ ಅತ್ತ ಪ್ರಕಾಶಕರನ್ನು ಕೇಳಿದರೆ ಅವರದೂ ಒಂದು ಕಥೆ ಇರುತ್ತದೆ: ಕಾಗದದ ಬೆಲೆ, ಅಂಗಡಿಯವರ ಕಮಿಷನ್, ಬಾಕಿ ನಿಂತ ಬಿಲ್ಲು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಇಬ್ಬರೂ ಒಂಟಿಯಾಗಿರುತ್ತಾರೆ, ಅಷ್ಟೇ.

ಕನ್ನಡದಲ್ಲಿ ‘ಸಂಘ’ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಸನ್ಮಾನ, ಗೋಷ್ಠಿ, ವಾರ್ಷಿಕೋತ್ಸವ. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಸನ್ಮಾನ ಮಾಡುವ ಸಂಘ ಬೇರೆ, ಲೆಕ್ಕ ಕೇಳುವ ಸಂಘ ಬೇರೆ. ಈ ಎರಡನೆಯ ಬಗೆಯ ಸಂಘ ಏನು ಮಾಡಬಲ್ಲದು ಎಂಬುದನ್ನು ನೋಡಲು ಬಹಳ ದೂರ ಹೋಗಬೇಕಿಲ್ಲ. ಪಕ್ಕದ ಕೇರಳಕ್ಕೆ ಹೋದರೆ ಸಾಕು.

ಕೋಟ್ಟಯಂನ ಪ್ರಯೋಗ

1945ನೇ ಇಸವಿ. ಎರಡನೆಯ ಮಹಾಯುದ್ಧ ಮುಗಿಯುವ ಹಂತದಲ್ಲಿತ್ತು. ತಿರುವಾಂಕೂರು ಸಂಸ್ಥಾನದ ಕೋಟ್ಟಯಂ ಪಟ್ಟಣದಲ್ಲಿ ಹನ್ನೆರಡು ಮಂದಿ ಬರಹಗಾರರು ಒಂದು ಸಹಕಾರ ಸಂಘವನ್ನು ಆರಂಭಿಸಿದರು. ಹೆಸರು ‘ಸಾಹಿತ್ಯ ಪ್ರವರ್ತಕ ಸಹಕರಣ ಸಂಘಂ’. ಮೂಲ ಬಂಡವಾಳ ನೂರಿಪ್ಪತ್ತು ರೂಪಾಯಿ, ಅಂದರೆ ತಲೆಗೆ ಹತ್ತು ರೂಪಾಯಿಯ ಲೆಕ್ಕ. ಹಾಲಿನ ಸಂಘ, ನೇಕಾರರ ಸಂಘ, ಪತ್ತಿನ ಸಂಘಗಳನ್ನು ನಾವು ಬಲ್ಲೆವು. ಕಥೆ, ಕವಿತೆ ಬರೆಯುವವರು ಅದೇ ಸಹಕಾರದ ದಾರಿ ಹಿಡಿದದ್ದು ಹೊಸ ಸಂಗತಿಯಾಗಿತ್ತು.

ಇದರ ಹಿಂದೆ ಮುಖ್ಯವಾಗಿ ಇಬ್ಬರಿದ್ದರು. ಒಬ್ಬರು ವಿಮರ್ಶಕ ಎಂ.ಪಿ. ಪೌಲ್. ಸಂಘದ ಮೊದಲ ಅಧ್ಯಕ್ಷರು ಅವರೇ. ಇನ್ನೊಬ್ಬರು ಕಾರೂರ್ ನೀಲಕಂಠ ಪಿಳ್ಳೆ. ಮಲಯಾಳದ ಶ್ರೇಷ್ಠ ಕಥೆಗಾರರಲ್ಲಿ ಒಬ್ಬರಾದ ಕಾರೂರ್, ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಹಸಿವು ತಾಳಲಾರದೆ ವಿದ್ಯಾರ್ಥಿಯ ಊಟದ ಪೊಟ್ಟಣವನ್ನು ಕದ್ದು ತಿನ್ನುವ ಮೇಷ್ಟ್ರೊಬ್ಬರ ಕುರಿತ ಅವರ ‘ಪೊದಿಚ್ಚೋರ್’ ಕಥೆ ಕೇರಳದಲ್ಲಿ ಮನೆಮಾತು. ದುಡಿದವನ ಕೈಗೆ ಬರಬೇಕಾದ ಹಣ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಅವರು ಯಾರಿಂದಲೂ ಕೇಳಿ ತಿಳಿಯಬೇಕಾಗಿರಲಿಲ್ಲ. ಸಂಘದ ಮೊದಲ ಕಾರ್ಯದರ್ಶಿಯಾದ ಕಾರೂರ್ ದೀರ್ಘಕಾಲ ಅದರ ಕೆಲಸವನ್ನು ಹೊತ್ತರು.

ಅದಕ್ಕೆ ಹಿಂದೆ ಪರಿಸ್ಥಿತಿ ಹೇಗಿತ್ತು? ಹಸ್ತಪ್ರತಿಯನ್ನು ಒಂದಿಷ್ಟು ಮೊತ್ತಕ್ಕೆ ಮಾರಿ ಕೈತೊಳೆದುಕೊಳ್ಳುವುದು, ಇಲ್ಲವೇ ಸಾಲ ಮಾಡಿ ತಾವೇ ಅಚ್ಚು ಹಾಕಿಸಿ ತಾವೇ ಮಾರುವುದು. ವೈಕಂ ಮುಹಮ್ಮದ್ ಬಷೀರ್ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮನೆಮನೆಗೆ ತಿರುಗಿ ಮಾರಿದವರು. ಮುಂದೆ ಎರ್ನಾಕುಳಂನಲ್ಲಿ ಪುಸ್ತಕದಂಗಡಿಯನ್ನೂ ಇಟ್ಟರು. ಅಷ್ಟು ದೊಡ್ಡ ಲೇಖಕನ ಪಾಡು ಹೀಗಿದ್ದರೆ ಉಳಿದವರ ಮಾತೇನು?

ಸಂಘದ ಮೊದಲ ಪುಸ್ತಕ ತಕಳಿ ಶಿವಶಂಕರ ಪಿಳ್ಳೆಯವರ ಕಥೆಗಳು. ಲೇಖಕರಿಗೆ ಸಂಘ ಕೊಟ್ಟ ಗೌರವಧನ ಪುಸ್ತಕದ ಬೆಲೆಯ ಶೇಕಡ 30. ಈ ಅಂಕಿಯ ಬಳಿ ಒಂದು ಕ್ಷಣ ನಿಲ್ಲೋಣ. ಲೇಖಕರಿಗೆ ಶೇಕಡ 10 ಸಿಕ್ಕರೆ ಇಂದಿಗೂ ಅದು ನ್ಯಾಯವಾದ ಒಪ್ಪಂದ ಎನಿಸಿಕೊಳ್ಳುತ್ತದೆ. ನೂರು ರೂಪಾಯಿ ಬೆಲೆಯ ಪುಸ್ತಕ ಸಾವಿರ ಪ್ರತಿ ಮಾರಾಟವಾಯಿತೆನ್ನಿ. ಶೇಕಡ 10ರಂತೆ ಲೇಖಕರಿಗೆ 10,000 ರೂಪಾಯಿ. ಶೇಕಡ 30ರಂತೆ 30,000. ಪುಸ್ತಕ ಅದೇ, ಓದುಗರೂ ಅವರೇ. ವ್ಯತ್ಯಾಸ ಇರುವುದು ಲಾಭ ಯಾರ ಮನೆಗೆ ಹೋಗಬೇಕು ಎಂಬುದರಲ್ಲಿ. ಸಹಕಾರ ಸಂಘದಲ್ಲಿ ಪ್ರತ್ಯೇಕ ಮಾಲೀಕನಿಲ್ಲ. ಮೂವತ್ತು ಕಾದಂಬರಿ ಬರೆದವರಿಗೂ ಒಂದೇ ಮತ, ಒಂದು ಕವನಸಂಕಲನದವರಿಗೂ ಒಂದೇ ಮತ. ಹೀಗಾಗಿ ಮಾಲೀಕನ ಪಾಲು ಲೇಖಕರ ಕಡೆ ತಿರುಗಿತು.

ಆದರೆ ಪುಸ್ತಕ ಅಚ್ಚಾದರೆ ಸಾಲದು, ಮಾರಾಟವಾಗಬೇಕು. ಕೋಟ್ಟಯಂನಲ್ಲೇ ಡಿ.ಸಿ. ಕಿಳಕ್ಕೆಮುರಿ ಮತ್ತು ಗೆಳೆಯರು ‘ನ್ಯಾಷನಲ್ ಬುಕ್ ಸ್ಟಾಲ್’ ಎಂಬ ಅಂಗಡಿ ನಡೆಸುತ್ತಿದ್ದರು. 1949ರಲ್ಲಿ ಅದು ಸಂಘದ ಮಾರಾಟ ವಿಭಾಗವಾಯಿತು. ಸಂಘದ ಪುಸ್ತಕಗಳು ಕೇರಳದ ಉದ್ದಗಲಕ್ಕೂ ತಲುಪಿದ್ದು ಈ ಅಂಗಡಿಯ ಹೆಸರಿನಲ್ಲೇ. 1956ರಲ್ಲಿ ಬಂದು ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತಕಳಿಯವರ ‘ಚೆಮ್ಮೀನ್’ ಕೂಡ ಸಂಘದ್ದೇ ಪ್ರಕಟಣೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಅದೇ 1945ರ ಸೆಪ್ಟೆಂಬರ್‌ನಲ್ಲಿ, ಕೋಟ್ಟಯಂಗೆ ಬಹಳ ದೂರವೇನಲ್ಲದ ಅಂಬಲಪ್ಪುಳದಲ್ಲಿ, ಪಿ.ಎನ್. ಪಣಿಕ್ಕರ್ ಎಂಬ ಶಿಕ್ಷಕರು 47 ಊರ ಗ್ರಂಥಾಲಯಗಳನ್ನು ಒಂದುಗೂಡಿಸಿ ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಒಂದು ಕಡೆ ಬರೆಯುವವರು ಒಟ್ಟಾದರು, ಇನ್ನೊಂದು ಕಡೆ ಓದಿಸುವವರು ಒಟ್ಟಾದರು. ಮಲಯಾಳದ ಪುಸ್ತಕೋದ್ಯಮದ ಬಗ್ಗೆ ಮಾತಾಡುವಾಗ ನಾವು ‘ಅವರಲ್ಲಿ ಸಾಕ್ಷರತೆ ಹೆಚ್ಚು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಸಾಕ್ಷರತೆ ನಿಜ. ಆದರೆ ಓದು ಬಲ್ಲವನ ಕೈಗೆ ಪುಸ್ತಕ ತಲುಪಿಸಲು ಊರೂರಲ್ಲಿ ಗ್ರಂಥಾಲಯವಿತ್ತು. ಬರೆದವನ ಕೈಗೆ ಹಣ ತಲುಪಿಸಲು ಒಂದು ಸಂಘವಿತ್ತು ಎಂಬುದೂ ಅಷ್ಟೇ ನಿಜ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಸಂಘದಲ್ಲಿ ಕಾಲು ಶತಮಾನದಷ್ಟು ದುಡಿದ ಡಿ.ಸಿ. ಹೊರಬಂದು 1974ರಲ್ಲಿ ‘ಡಿ.ಸಿ. ಬುಕ್ಸ್’ ಆರಂಭಿಸಿದರು. ಖಾಸಗಿ ಪ್ರಕಾಶನಗಳು ಬೆಳೆದವು. ಒಂದು ಕಾಲಕ್ಕೆ ಸಂಘಕ್ಕೆ ಇದ್ದ ಅಗ್ರಸ್ಥಾನ ಮುಂದೆ ಹಾಗೇ ಉಳಿಯಲಿಲ್ಲ. ಆದರೂ ಅದು ಮುಚ್ಚಿಹೋಗಿಲ್ಲ. ಇಂದಿಗೂ ಪುಸ್ತಕ ಪ್ರಕಟಿಸುತ್ತಿದೆ. ಸಂಘ ಒಮ್ಮೆ ಕಟ್ಟಿದರೆ ತಾನಾಗಿ ನಡೆದುಕೊಂಡು ಹೋಗುತ್ತದೆ ಎಂದುಕೊಳ್ಳಬಾರದು ಎಂಬುದಕ್ಕೂ ಕೋಟ್ಟಯಂ ಒಂದು ನಿದರ್ಶನ. ಹಾಗೆಯೇ, ಅದು ಹಾಕಿಕೊಟ್ಟ ಮೇಲ್ಪಂಕ್ತಿಯ ಪ್ರಯೋಜನ ಸಂಘದ ಸದಸ್ಯರಿಗಷ್ಟೇ ಸೀಮಿತವಾಗಲಿಲ್ಲ. ಒಂದು ಕಡೆ ಲೇಖಕರಿಗೆ ನ್ಯಾಯವಾದ ಪಾಲು ಸಿಗುತ್ತದೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ, ಬೇರೆ ಕಡೆಯೂ ಆ ಮಾತನ್ನು ಎತ್ತಲು ಲೇಖಕರಿಗೆ ಧೈರ್ಯ ಬರುತ್ತದೆ.

ವೆಚ್ಚದ ಗುಟ್ಟು

ಎಲ್ಲರೂ ಸೇರಿ ಪ್ರಕಾಶನವನ್ನೇ ನಡೆಸುವುದು ಎಲ್ಲ ಕಡೆ ಆಗುವ ಮಾತಲ್ಲ. ಅದಕ್ಕಿಂತ ಹಗುರವಾದ, ಆದರೆ ಹಳೆಯದಾದ ಇನ್ನೊಂದು ಮಾದರಿ ಇದೆ. 1884ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಬೆಸೆಂಟ್ ಎಂಬ ಕಾದಂಬರಿಕಾರ ‘ಸೊಸೈಟಿ ಆಫ್ ಆಥರ್ಸ್’ ಎಂಬ ಲೇಖಕರ ಸಂಘವನ್ನು ಸ್ಥಾಪಿಸಿದ. ಮೊದಲ ಅಧ್ಯಕ್ಷ ಕವಿ ಟೆನಿಸನ್. ಮುಂದೆ ಥಾಮಸ್ ಹಾರ್ಡಿಯೂ ಆ ಸ್ಥಾನದಲ್ಲಿದ್ದ. ಹೆಸರಾಂತ ಕವಿಯನ್ನು ಅಧ್ಯಕ್ಷನನ್ನಾಗಿ ಮಾಡಿದ್ದು ಅಲಂಕಾರಕ್ಕಲ್ಲ. ಸಂಘ ಬರೆದ ಪತ್ರಕ್ಕೆ ಉತ್ತರ ಕೊಡದೆ ಇರಲು ಯಾವ ಪ್ರಕಾಶಕನಿಗೂ ಸುಲಭವಾಗಬಾರದು ಎಂಬುದಕ್ಕೆ.

ಬೆಸೆಂಟ್ ಮಾಡಿದ ಮುಖ್ಯ ಕೆಲಸ ಯಾವುದು ಗೊತ್ತೇ? 1889ರಲ್ಲಿ ಸಂಘ ಒಂದು ಚಿಕ್ಕ ಪುಸ್ತಕ ಹೊರತಂದಿತು. ಅದರಲ್ಲಿದ್ದದ್ದು ಪುಸ್ತಕ ತಯಾರಿಕೆಯ ವೆಚ್ಚದ ಪಟ್ಟಿ. ಅಚ್ಚುಮೊಳೆ ಜೋಡಿಸಲು ಎಷ್ಟು, ಕಾಗದಕ್ಕೆ ಎಷ್ಟು, ಮುದ್ರಣಕ್ಕೆ ಎಷ್ಟು, ರಟ್ಟು ಕಟ್ಟಲು ಎಷ್ಟು. ಇಷ್ಟೇ. ಆದರೆ ಅಲ್ಲಿಯವರೆಗೆ ಈ ಲೆಕ್ಕ ಪ್ರಕಾಶಕರಿಗೂ ಮುದ್ರಕರಿಗೂ ಮಾತ್ರ ತಿಳಿದಿತ್ತು. ‘ಖರ್ಚು ಇಷ್ಟಾಯಿತು, ನಿಮ್ಮ ಪಾಲಿಗೆ ಉಳಿದದ್ದು ಇಷ್ಟು’ ಎಂದರೆ ಲೇಖಕ ತಲೆಯಾಡಿಸಬೇಕಿತ್ತು. ಪಟ್ಟಿ ಕೈಗೆ ಬಂದ ಮೇಲೆ ತಲೆಯಾಡಿಸುವ ಮೊದಲು ಕೂಡಿಸಿ ನೋಡಬಹುದಾಯಿತು. ಮರುವರ್ಷ ಸಂಘ ತನ್ನದೇ ಪತ್ರಿಕೆಯನ್ನೂ ಆರಂಭಿಸಿತು.

ವೃತ್ತಿಸಂಘದ ತಿರುಳು ಇದರಲ್ಲಿದೆ ಎಂದು ನನಗನ್ನಿಸುತ್ತದೆ. ಒಬ್ಬ ಲೇಖಕಿ ಎರಡು ವರ್ಷಕ್ಕೊಮ್ಮೆ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಎದುರಿಗಿರುವ ಸಂಸ್ಥೆ ತಿಂಗಳಿಗೆ ನಾಲ್ಕಕ್ಕೆ ಹಾಕಿಸುತ್ತದೆ. ಅನುಭವದಲ್ಲಿ ಸರಿಸಮವಲ್ಲದ ಈ ಇಬ್ಬರ ನಡುವಿನ ಅಂತರವನ್ನು ತುಂಬುವುದೇ ಸಂಘ. ನೂರು ಲೇಖಕರ ನೂರು ಅನುಭವ ಒಂದು ಕಡತದಲ್ಲಿ ಸೇರಿದರೆ, ನೂರೊಂದನೆಯವರು ಮೊದಲ ಪುಸ್ತಕಕ್ಕೇ ಅನುಭವಸ್ಥರಾಗಿ ಹೋಗುತ್ತಾರೆ.

ಇಂಥ ಸಂಘಗಳ ತಾಳ್ಮೆಗೆ ಒಂದು ಉದಾಹರಣೆ. ಗ್ರಂಥಾಲಯದಲ್ಲಿರುವ ಒಂದು ಪ್ರತಿಯನ್ನು ಇನ್ನೂರು ಜನ ಓದುತ್ತಾರೆ. ಲೇಖಕರಿಗೆ ಸಿಗುವುದು ಒಂದು ಪ್ರತಿಯ ಗೌರವಧನ ಮಾತ್ರ. ಪ್ರತಿ ಎರವಲಿಗೆ ಒಂದು ಪೆನ್ನಿಯನ್ನಾದರೂ ಲೇಖಕರಿಗೆ ಕೊಡಿ ಎಂದು ಬ್ರಿಟನ್ನಿನಲ್ಲಿ 1951ರಲ್ಲಿ ಕೇಳಿದವರು ಕಾದಂಬರಿಕಾರ ಜಾನ್ ಬ್ರೋಫಿ. ಯಾರೂ ಕೊಡಲಿಲ್ಲ. ಅವರ ಮಗಳು, ಸ್ವತಃ ಲೇಖಕಿಯಾದ ಬ್ರಿಜಿಡ್ ಬ್ರೋಫಿ, ಮೌರೀನ್ ಡಫಿ ಮೊದಲಾದವರೊಡನೆ 1972ರಲ್ಲಿ ಹೋರಾಟದ ಗುಂಪು ಕಟ್ಟಿದರು. 1979ರಲ್ಲಿ ಕಾನೂನಾಯಿತು. 1984ರಲ್ಲಿ ಮೊದಲ ಹಣ ಲೇಖಕರ ಕೈಸೇರಿತು. ಹಣ ಕೊಡುವುದು ಸರ್ಕಾರ, ಓದುಗರಲ್ಲ. ಒಬ್ಬರಿಗೆ ಇಷ್ಟಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿ ಇರುವುದರಿಂದ ಹೆಸರಾಂತರೇ ಎಲ್ಲವನ್ನೂ ಬಾಚಿಕೊಳ್ಳುವಂತಿಲ್ಲ. ಅಪ್ಪ ಕೇಳಿದ್ದು ಮಗಳ ಕಾಲಕ್ಕೆ, ಮೂವತ್ತಮೂರು ವರ್ಷದ ಮೇಲೆ ಬಂತು. ಒಬ್ಬ ಲೇಖಕನ ಆಯುಸ್ಸು ಇಂಥ ಕೆಲಸಕ್ಕೆ ಸಾಲದು, ಸಂಘಟನೆಯೇ ಬೇಕು. ಭಾರತದಲ್ಲಿ ಇಂಥ ಕಾನೂನು ಇಲ್ಲ.

ಸಣ್ಣ ಪ್ರಕಾಶಕರ ಪಾಡು

ಇಷ್ಟು ಹೊತ್ತು ಲೇಖಕರ ಪರವಾಗಿ ಮಾತಾಡಿದೆ. ಸಭೆಯಲ್ಲಿರುವ ಪ್ರಕಾಶಕರು ಮುಖ ಗಂಟು ಹಾಕಿಕೊಳ್ಳುವುದು ಬೇಡ. ಐನೂರು, ಸಾವಿರ ಪ್ರತಿ ಹಾಕುವ ಸಣ್ಣ ಪ್ರಕಾಶಕರ ಸ್ಥಿತಿ ಲೇಖಕರಿಗಿಂತ ಬಹಳ ಮೇಲೇನೂ ಇಲ್ಲ. ಲೇಖಕರ ಮುಂದೆ ಅವರು ಬಲಶಾಲಿ. ದೊಡ್ಡ ಮಾರಾಟಗಾರರ ಮುಂದೆ, ಇಲಾಖೆಯ ಮುಂದೆ ಅವರೂ ಒಂಟಿಯೇ.

ಫ್ರಾನ್ಸಿನಲ್ಲಿ ಇದೇ ಪ್ರಶ್ನೆ ಎದ್ದಿತ್ತು. 1974ರಲ್ಲಿ ‘ಫ್ನಾಕ್’ ಎಂಬ ದೊಡ್ಡ ಮಳಿಗೆ ಪ್ಯಾರಿಸ್ಸಿನಲ್ಲಿ ಶೇಕಡ 20 ರಿಯಾಯಿತಿಯಲ್ಲಿ ಪುಸ್ತಕ ಮಾರಲು ತೊಡಗಿತು. ಓದುಗನಿಗೆ ಲಾಭವಲ್ಲವೇ, ಯಾಕೆ ಬೇಡ ಎನ್ನಬಹುದು. ಆದರೆ ದೊಡ್ಡ ಮಳಿಗೆಗೆ ಬೇಕಾಗುವುದು ಬೇಗ ಖರ್ಚಾಗುವ ಪುಸ್ತಕಗಳು. ಮೂಲೆಯ ಸಣ್ಣ ಅಂಗಡಿಯವನು ಅವೇ ಪುಸ್ತಕಗಳ ಲಾಭದಲ್ಲಿ, ನಿಧಾನವಾಗಿ ಹೋಗುವ ಕವಿತೆ, ತತ್ತ್ವಶಾಸ್ತ್ರಗಳನ್ನೂ ಇಟ್ಟುಕೊಂಡಿರುತ್ತಾನೆ. ಅವನು ಬಾಗಿಲು ಹಾಕಿದರೆ ಆ ಪುಸ್ತಕಗಳಿಗೆ ಜಾಗವೇ ಇಲ್ಲ. ಅಂಥ ಪುಸ್ತಕಗಳನ್ನು ಹೊರತರುವವರು ಸಣ್ಣ ಪ್ರಕಾಶಕರು.

ಇದನ್ನು ಚೆನ್ನಾಗಿ ಅರಿತವರು ಜೆರೋಮ್ ಲಿಂದೋ. ಜರ್ಮನ್ ಆಕ್ರಮಣದ ಕಾಲದಲ್ಲಿ ಗುಟ್ಟಾಗಿ ಹುಟ್ಟಿದ ‘ಮಿನ್ಯುಯಿ’ ಪ್ರಕಾಶನವನ್ನು 1948ರಿಂದ ನಡೆಸುತ್ತಿದ್ದ ಅವರು, ಬೇರೆಯವರು ಬೇಡವೆಂದ ಸ್ಯಾಮ್ಯುಯೆಲ್ ಬೆಕೆಟ್‌ನ ಕಾದಂಬರಿಗಳನ್ನು ಅಚ್ಚುಹಾಕಿದವರು. 1977ರಲ್ಲಿ ಅವರು ಪುಸ್ತಕಕ್ಕೆ ಎಲ್ಲೆಡೆ ಒಂದೇ ಬೆಲೆ ಇರಬೇಕೆಂಬ ಬೇಡಿಕೆಯ ಮೇಲೆ ಪ್ರಕಾಶಕರನ್ನೂ ಪುಸ್ತಕ ವ್ಯಾಪಾರಿಗಳನ್ನೂ ಸೇರಿಸಿ ಒಂದು ಸಂಘ ಕಟ್ಟಿದರು. 1981ರಲ್ಲಿ ಕಾನೂನು ಬಂತು. ಬೆಲೆ ನಿಗದಿ ಮಾಡುವವರು ಪ್ರಕಾಶಕರು. ಅಂಗಡಿ ದೊಡ್ಡದಿರಲಿ, ಸಣ್ಣದಿರಲಿ, ಶೇಕಡ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ನವೆಂಬರ್ ಬಂತೆಂದರೆ ನಮ್ಮಲ್ಲಿ ತೂಗುಹಾಕುವ ‘ಅರ್ಧ ಬೆಲೆ’ ಫಲಕಗಳನ್ನು ನೋಡುವಾಗ ಈ ಮಾತು ನೆನಪಾಗುತ್ತದೆ. ಅಂಥ ಕಾನೂನು ನಮಗೆ ಹೊಂದುತ್ತದೋ ಇಲ್ಲವೋ ಚರ್ಚಿಸಬೇಕು. ಆದರೆ ಚರ್ಚಿಸಲಿಕ್ಕಾದರೂ ಪ್ರಕಾಶಕರೂ ವ್ಯಾಪಾರಿಗಳೂ ಒಂದು ಜಾಗದಲ್ಲಿ ಕೂರಬೇಕು.

ನಮ್ಮಲ್ಲಿ

ಕನ್ನಡದ ಪುಸ್ತಕ ಪ್ರಪಂಚವನ್ನು ಕಟ್ಟಿದವರು ಬಹುಪಾಲು ಒಂಟಿ ಸಾಹಸಿಗಳು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ನಂಜನಗೂಡು ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಬಾಲವಿಧವೆಯೊಬ್ಬರು ಆ ಕಾಲದಲ್ಲಿ ಪ್ರಕಾಶಕಿಯೂ ಸಂಪಾದಕಿಯೂ ಆದದ್ದು ಸಾಮಾನ್ಯ ಸಂಗತಿಯಲ್ಲ. ಮಾಸ್ತಿಯವರಿಗೆ ‘ಜೀವನ ಕಾರ್ಯಾಲಯ’ವಿತ್ತು. ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ನಡೆಯಿತು. ಮುಂಗಡ ಹಣ ಕೊಟ್ಟು ಪುಸ್ತಕಕ್ಕೆ ಕಾದ ಆ ಚಂದಾದಾರರೂ ಒಂದು ಬಗೆಯ ಸಂಘವೇ.

ಇವರ ಸಾಹಸವನ್ನು ನಾವು ಭಾಷಣಗಳಲ್ಲಿ ಕೊಂಡಾಡುತ್ತೇವೆ. ಕೊಂಡಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳುವುದಿಲ್ಲ: ಗಂಟು ಹೊತ್ತು ತಿರುಗಿದ ದಿನಗಳಲ್ಲಿ ಅವರು ಬರೆಯಬಹುದಾಗಿದ್ದ ಪುಸ್ತಕಗಳೆಷ್ಟು? ಒಂಟಿಯಾಗಿ ಗೆದ್ದವರ ಹೆಸರು ನಮಗೆ ಗೊತ್ತು. ಒಂಟಿಯಾಗಿ ಸೋತು ಬರವಣಿಗೆ ಬಿಟ್ಟವರ ಹೆಸರು ಗೊತ್ತಿಲ್ಲ.

ಸಂಘಗಳು ನಮ್ಮಲ್ಲಿಲ್ಲ ಎಂದಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಭಾಷೆಗಾಗಿ, ನಾಡಿನ ಏಕೀಕರಣಕ್ಕಾಗಿ, ನಿಘಂಟಿಗಾಗಿ ಮಾಡಿದ ಕೆಲಸ ದೊಡ್ಡದು. 1979ರಲ್ಲಿ ಆರಂಭವಾದ ಕರ್ನಾಟಕ ಲೇಖಕಿಯರ ಸಂಘ, ಬರೆಯುವ ಹೆಂಗಸರು ಒಬ್ಬರಿಗೊಬ್ಬರು ಸಿಗುವ ಜಾಗ ಮಾಡಿಕೊಟ್ಟಿತು. ಗ್ರಂಥಾಲಯ ಖರೀದಿಯ ವಿಳಂಬದ ವಿರುದ್ಧ ಮನವಿ ಹಿಡಿದು ಹೋಗುವ ಲೇಖಕರ, ಪ್ರಕಾಶಕರ ಸಂಘಗಳೂ ಇವೆ. ಈ ಗ್ರಂಥಾಲಯದ ಸಂಗತಿ ಸಣ್ಣದಲ್ಲ. ಕರ್ನಾಟಕದ 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ಮನೆ ಇರುವ ಪ್ರತಿಯೊಬ್ಬರೂ ಪುಸ್ತಕಕ್ಕಾಗಿ ಹಣ ಕೊಟ್ಟಿರುತ್ತಾರೆ. ವಸೂಲಾದ ಕರ ಪೂರ್ತಿಯಾಗಿ ಗ್ರಂಥಾಲಯಗಳಿಗೆ ತಲುಪುವುದಿಲ್ಲ ಎಂಬ ದೂರು ಹಳೆಯದು. ಒಬ್ಬ ಪ್ರಕಾಶಕ ಇದನ್ನು ಕೇಳಲು ಹೋದರೆ, ತನ್ನ ಮುಂದಿನ ಪುಸ್ತಕ ಆಯ್ಕೆಯಾಗದೆ ಹೋದೀತೆಂಬ ಅಂಜಿಕೆ ಅವನಿಗಿರುತ್ತದೆ. ಮುನ್ನೂರು ಮಂದಿ ಸಹಿ ಹಾಕಿ ಕೇಳಿದರೆ ಆ ಅಂಜಿಕೆ ಇರುವುದಿಲ್ಲ.

ಕೊರತೆ ಇರುವುದು ದಿನನಿತ್ಯದ ಕೆಲಸದಲ್ಲಿ. ಕಿರಿಯ ಲೇಖಕಿಯೊಬ್ಬರು ತಮ್ಮ ಒಪ್ಪಂದದ ಕಾಗದ ಹಿಡಿದು ‘ಇದನ್ನು ಓದಿ ಹೇಳಿ’ ಎಂದು ಯಾವ ಬಾಗಿಲಿಗೆ ಹೋಗಬೇಕು?

ಕಾನೂನು ಏನನ್ನುತ್ತದೆ?

ನಾನು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಮಾನನಷ್ಟ, ನ್ಯಾಯಾಲಯ ನಿಂದನೆಗಳ ಬಗ್ಗೆ ವಾರಗಟ್ಟಲೆ ಪಾಠವಾಯಿತು. ಕೃತಿಸ್ವಾಮ್ಯಕ್ಕೆ ಸಿಕ್ಕದ್ದು ಅರ್ಧ ತರಗತಿ. ಬರೆದು ಬದುಕುವವರಿಗೆ ಬೇಕಾದ ಕಾನೂನೇ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಕೆಲವು ಅಂಶಗಳನ್ನು ಇಲ್ಲಿ ಹೇಳಿಬಿಡುತ್ತೇನೆ.

ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಾದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಬಾಯಿಮಾತಿನಲ್ಲಿ ಕೊಟ್ಟದ್ದು ವಹಿಸಿಕೊಟ್ಟಂತೆ ಅಲ್ಲ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷವೆಂದು ಕಾನೂನು ತಿಳಿಯುತ್ತದೆ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ಲೇಖಕರ ಜೀವಮಾನವಿಡೀ ಮತ್ತು ಅವರ ಕಾಲಾನಂತರ ಅರವತ್ತು ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಆದ್ದರಿಂದ ಅವಸರದಲ್ಲಿ ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಎಂಬ ಸಾಲಿನ ಕೆಳಗೆ ಹಾಕಿದ ಸಹಿ, ಲೇಖಕರ ಮೊಮ್ಮಕ್ಕಳವರೆಗೂ ಹೋಗುತ್ತದೆ.

ಒಟ್ಟಾಗಿ ಕೇಳಿದರೆ ಕಾನೂನೂ ಬದಲಾಗುತ್ತದೆ. ಸಿನಿಮಾ ಗೀತರಚನಕಾರರು, ಸಂಗೀತಗಾರರು ಒಂದಷ್ಟು ಹಣ ಪಡೆದು ಎಲ್ಲ ಹಕ್ಕುಗಳನ್ನು ಬರೆದುಕೊಡುವ ಪದ್ಧತಿ ಬಹಳ ಕಾಲ ನಡೆದಿತ್ತು. ಹಾಡು ಐವತ್ತು ವರ್ಷ ರೇಡಿಯೊದಲ್ಲಿ ಕೇಳಿಬಂದರೂ ಬರೆದವನಿಗೆ ಕಾಸಿಲ್ಲ. ರಾಜ್ಯಸಭೆಯ ಸದಸ್ಯರಾಗಿದ್ದ ಕವಿ ಜಾವೇದ್ ಅಖ್ತರ್ ಮತ್ತು ಅವರ ಜತೆಗಾರರ ಪ್ರಯತ್ನದಿಂದ 2012ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಬೇರೆ ಬಳಕೆಗಳಲ್ಲಿ ಬರುವ ಗೌರವಧನದ ಸಮಪಾಲನ್ನು ಅವರು ಬೇಕೆಂದರೂ ಬಿಟ್ಟುಕೊಡಲು ಬಾರದಂತೆ ಮಾಡಲಾಯಿತು. ಕನ್ನಡದ ಗೀತರಚನಕಾರರಿಗೂ ಇದು ಅನ್ವಯವಾಗುತ್ತದೆ.

ಈಗ ಇನ್ನೊಂದು ಹೊಸ ಪ್ರಶ್ನೆ ಬಂದಿದೆ. ಕಂಪ್ಯೂಟರ್‌ಗಳಿಗೆ ಭಾಷೆ ಕಲಿಸಲು ಪುಸ್ತಕಗಳನ್ನು ಬಳಸುವಾಗ ಬರೆದವರನ್ನು ಕೇಳಬೇಕೇ, ಅವರಿಗೆ ಹಣ ಕೊಡಬೇಕೇ? ಅಮೆರಿಕದಲ್ಲಿ 2023ರಲ್ಲಿ ಲೇಖಕರ ಸಂಘವಾದ ‘ಆಥರ್ಸ್ ಗಿಲ್ಡ್’, ಹೆಸರಾಂತ ಕಾದಂಬರಿಕಾರರನ್ನು ಜತೆಗಿಟ್ಟುಕೊಂಡು ನ್ಯಾಯಾಲಯಕ್ಕೆ ಹೋಯಿತು. ಇಲ್ಲಿ, 2024ರಲ್ಲಿ ಸುದ್ದಿಸಂಸ್ಥೆಯೊಂದು ದೆಹಲಿ ಹೈಕೋರ್ಟಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ ತನ್ನ ಮಾತನ್ನೂ ಕೇಳಬೇಕೆಂದು ಭಾರತೀಯ ಪ್ರಕಾಶಕರ ಒಕ್ಕೂಟ ಅರ್ಜಿ ಹಾಕಿತು. ಈ ವಿವಾದದಲ್ಲಿ ಯಾರ ವಾದ ಸರಿ ಎಂಬುದನ್ನು ನ್ಯಾಯಾಲಯಗಳು ತೀರ್ಮಾನಿಸಲಿ. ನಾನು ಹೇಳುವುದಿಷ್ಟೆ: ಹಾವೇರಿಯ ಕವಿಯಾಗಲಿ, ಶಿವಮೊಗ್ಗದ ಸಣ್ಣ ಪ್ರಕಾಶಕರಾಗಲಿ ದೆಹಲಿಗೆ ವಕೀಲರನ್ನು ಕಳಿಸಲಾರರು. ಅವರ ಮಾತು ಅಲ್ಲಿಗೆ ತಲುಪಬೇಕಾದರೆ ಒಂದು ಸಂಘದ ಮೂಲಕವೇ ತಲುಪಬೇಕು.

ಎರಡು ಆಕ್ಷೇಪಗಳು

ಬರವಣಿಗೆ ಒಂಟಿತನದ ಕೆಲಸ, ಅದಕ್ಕೆ ಸಂಘ ಯಾಕೆ ಎನ್ನುವವರಿದ್ದಾರೆ. ಬರವಣಿಗೆ ಒಂಟಿಯಾಗಿಯೇ ಆಗಬೇಕು, ಒಪ್ಪುತ್ತೇನೆ. ಆದರೆ ಬರೆದು ಮುಗಿಸಿದ ಮರುಕ್ಷಣ ಅದು ಮುದ್ರಕ, ಸಾಗಣೆದಾರ, ಅಂಗಡಿಯವನು, ಗ್ರಂಥಪಾಲಕ, ಓದುಗ ಎಲ್ಲರ ಕೈಗೆ ಹೋಗುವ ವಸ್ತು. ರಾಗಿ ಬೆಳೆಯುವ ರೈತನೂ ಹೊಲದಲ್ಲಿ ಒಬ್ಬನೇ ಉಳುತ್ತಾನೆ. ತೂಕ ಹಾಕುವಾಗ ಪಕ್ಕದಲ್ಲಿ ನಾಲ್ಕು ಜನ ಇರಲಿ ಎನ್ನುತ್ತಾನೆ.

ಸಂಘವೆಂದರೆ ರಾಜಕೀಯ, ಗುಂಪು, ಚುನಾವಣೆ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಸುಲಭವಾಗಿ ತಳ್ಳಿಹಾಕಲಾರೆ. ಅಧ್ಯಕ್ಷಗಿರಿಗೆ ಜಗಳವಾಡಿ ಎರಡು ಹೋಳಾದ ಸ್ಥಳೀಯ ಸಂಘಗಳ ಸುದ್ದಿಯನ್ನು ನಾನೇ ಬರೆದಿದ್ದೇನೆ. ಇದಕ್ಕೆ ನನಗೆ ತೋಚುವ ಉಪಾಯ ಒಂದೇ: ಸಂಘಕ್ಕೆ ಸಣ್ಣ, ಅಳೆಯಲು ಬರುವ ಕೆಲಸಗಳನ್ನು ಕೊಡುವುದು. ವೇದಿಕೆ ಇದ್ದಲ್ಲಿ ಕುರ್ಚಿಗೆ ಪೈಪೋಟಿ ಇರುತ್ತದೆ. ಕಡತ ತಿದ್ದುವ ಮೇಜಿಗೆ ಪೈಪೋಟಿ ಕಡಿಮೆ.

ಎಂಥ ಕೆಲಸಗಳು? ಕನ್ನಡದಲ್ಲಿ, ಸರಳ ಮಾತಿನಲ್ಲಿ, ಲೇಖಕರಿಗೂ ಪ್ರಕಾಶಕರಿಗೂ ಒಪ್ಪಿಗೆಯಾಗುವ ಮಾದರಿ ಒಪ್ಪಂದ ಪತ್ರವೊಂದನ್ನು ಸಿದ್ಧಪಡಿಸುವುದು. ಎಷ್ಟು ಅಚ್ಚಾಯಿತು, ಎಷ್ಟು ಮಾರಾಟವಾಯಿತು, ಎಷ್ಟು ಉಳಿದಿದೆ ಎಂಬ ಒಂದು ಪುಟದ ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಡುವ ರೂಢಿ ಬೆಳೆಸುವುದು. ಬೆಸೆಂಟ್ ಮಾಡಿದಂತೆ, ಈ ಊರಿನಲ್ಲಿ ಈ ವರ್ಷ ಇನ್ನೂರು ಪುಟದ ಪುಸ್ತಕಕ್ಕೆ ಆಗುವ ವೆಚ್ಚದ ಪಟ್ಟಿ ಪ್ರಕಟಿಸುವುದು. ತಿಂಗಳಿಗೊಂದು ದಿನ ಒಬ್ಬ ವಕೀಲರನ್ನು ಕೂರಿಸಿ ಸದಸ್ಯರ ಕಾಗದ ಓದಿಸುವುದು. ಐದಾರು ಸಣ್ಣ ಪ್ರಕಾಶಕರು ಸೇರಿ ಪುಸ್ತಕ ಮೇಳದಲ್ಲಿ ಒಂದೇ ಮಳಿಗೆ ಹಿಡಿಯುವುದು, ಒಂದೇ ಗೋದಾಮು, ಒಂದೇ ಅಂಚೆ ವ್ಯವಸ್ಥೆ ಮಾಡಿಕೊಳ್ಳುವುದು. ಇವುಗಳಿಗೆ ದೊಡ್ಡ ಕಟ್ಟಡ ಬೇಡ, ಸರ್ಕಾರದ ಅನುದಾನವೂ ಬೇಡ.

ಲೆಕ್ಕ ತೆರೆದಿಟ್ಟರೆ ಪ್ರಕಾಶಕರಿಗೆ ನಷ್ಟ ಎಂದು ಯಾರೂ ತಿಳಿಯಬೇಕಿಲ್ಲ. ಮುನ್ನೂರೇ ಪ್ರತಿ ಹೋಗಿದೆ ಎಂಬ ನಿಜ ಗೊತ್ತಾದರೆ ಲೇಖಕರಿಗೆ ಬೇಸರವಾದೀತು, ಅನುಮಾನ ಬರುವುದಿಲ್ಲ. ಈಗ ಅನುಮಾನವೇ ಹೆಚ್ಚಾಗಿದೆ. ಪ್ರಾಮಾಣಿಕವಾಗಿ ನಡೆಸುವ ಪ್ರಕಾಶಕರೂ ಅದರ ಭಾರ ಹೊರುತ್ತಿದ್ದಾರೆ.

ಈ ಸಭೆಯಲ್ಲಿ ಹನ್ನೆರಡಕ್ಕಿಂತ ಹೆಚ್ಚು ಮಂದಿ ಇದ್ದೀರಿ. ಒಬ್ಬೊಬ್ಬರ ಕಿಸೆಯಲ್ಲೂ ಹತ್ತು ರೂಪಾಯಿಗಿಂತ ಹೆಚ್ಚು ಇರಬಹುದು. ನಿಮ್ಮಲ್ಲಿ ಪುಸ್ತಕ ತಂದಿರುವವರು ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಒಪ್ಪಂದದ ಕಾಗದ ಎಲ್ಲಿದೆ ಎಂದು ಹುಡುಕಿ. ಸಿಕ್ಕಿದರೆ ಅವಧಿ ಎಷ್ಟು, ಯಾವ ಯಾವ ಹಕ್ಕು ಕೊಟ್ಟಿದ್ದೀರಿ ಎಂದು ನೋಡಿ. ಕಾಗದವೇ ಇಲ್ಲದಿದ್ದರೆ, ಮುಂದಿನ ತಿಂಗಳು ಮತ್ತೆ ಸೇರಿದಾಗ ಅದನ್ನೂ ಹೇಳಿ. ಯಾರ ಬಳಿ ಏನಿದೆ, ಏನಿಲ್ಲ ಎಂಬ ಪಟ್ಟಿಯಿಂದಲೇ ನಿಮ್ಮ ಸಂಘದ ಮೊದಲ ಕಡತ ಶುರುವಾಗಲಿ.